ಐದು ಲಕ್ಷದ ಅಂಕಿಯೂ ತಾಲೂಕು ಆಸ್ಪತ್ರೆಯ ಬಾಗಿಲೂ

ಬಡವರ ಮನೆಯಲ್ಲಿ ದೊಡ್ಡ ಕಾಯಿಲೆಯೊಂದು ಕಾಣಿಸಿಕೊಂಡಿತೆಂದರೆ, ಯಾವ ವೈದ್ಯರ ಬಳಿಗೆ ಹೋಗಬೇಕೆಂದು ವಿಚಾರಿಸುವುದಕ್ಕೂ ಮೊದಲು ಮನೆಮಂದಿ ಟ್ರಂಕಿನ ತಳದಿಂದ ಪಡಿತರ ಚೀಟಿಯನ್ನು ಹುಡುಕಿ ತೆಗೆಯುವುದು ಕರ್ನಾಟಕದಲ್ಲಿ ಈಗ ರೂಢಿಯಾಗಿ ಹೋಗಿದೆ. ಅಕ್ಕಿ ಬೇಳೆಗಳ ಲೆಕ್ಕಕ್ಕಾಗಿ ಹುಟ್ಟಿದ ಆ ಚೀಟಿಯು ಹೃದಯದ ಶಸ್ತ್ರಚಿಕಿತ್ಸೆಗೂ, ಮೂತ್ರಪಿಂಡದ ರೋಗಕ್ಕೂ, ಅರ್ಬುದದ ಉಪಚಾರಕ್ಕೂ ರಹದಾರಿಯಾಗಿ ಪರಿಣಮಿಸಿರುವುದು ನಮ್ಮ ಕಾಲದ ಸಣ್ಣ ಸಂಗತಿಯೇನಲ್ಲ. ಆದರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ನಗರದ ದೊಡ್ಡ ಆಸ್ಪತ್ರೆಗೆ ಹೋದವರು ‘ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತಂದಿದ್ದೀರಾ?’ ಎಂಬ ಒಂದೇ ಪ್ರಶ್ನೆಗೆ ನಿರುತ್ತರರಾಗಿ ಹಿಂದಿರುಗುವುದೂ, ಹಿಂದಿರುಗುವಷ್ಟು ಕಾಲಾವಕಾಶವಿಲ್ಲದವರು ಒಡವೆಯನ್ನು ಗಿರವಿಯಿಟ್ಟು ಮುಂಗಡ ಕಟ್ಟುವುದೂ ಅಷ್ಟೇ ರೂಢಿಯಾಗಿದೆ.

ಈ ವೈಪರೀತ್ಯಕ್ಕೆ ಜನರ ಅಜ್ಞಾನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವಸ್ತುಸ್ಥಿತಿಯಾದರೋ ಬೇರೆ. ಸರ್ಕಾರಗಳು ತಮ್ಮ ಆರೋಗ್ಯ ಯೋಜನೆಗಳನ್ನು ಜನರಿಗೆ ಪರಿಚಯಿಸುವಾಗಲೆಲ್ಲ ಒಂದು ಮೊತ್ತವನ್ನು ಮುಂದಿಟ್ಟುಕೊಂಡು ಮಾತನಾಡುತ್ತವೆ. ಆ ಮೊತ್ತ ಹಿಂದೆ ಒಂದೂವರೆ ಲಕ್ಷವಾಗಿತ್ತು, ಈಗ ಐದು ಲಕ್ಷವಾಗಿದೆ. ಜಲಾಶಯವು ತುಂಬಿ ತುಳುಕುತ್ತಿದೆಯೆಂಬ ವಾರ್ತೆಯಿಂದ ಕಾಲುವೆಯ ಕೊನೆಯಂಚಿನ ರೈತನ ಗದ್ದೆ ಹೇಗೆ ತಾನಾಗಿಯೇ ನೆನೆಯುವುದಿಲ್ಲವೋ, ಹಾಗೆಯೇ ಈ ಮೊತ್ತದ ಹಿರಿಮೆಯಿಂದ ರೋಗಿಯ ಶುಶ್ರೂಷೆ ತಾನಾಗಿಯೇ ನಡೆಯುವುದಿಲ್ಲ. ಯಾರು ಅರ್ಹರು, ಯಾವ ರೋಗಕ್ಕೆ, ಯಾವ ಬಾಗಿಲಿನಿಂದ, ಯಾವ ಕ್ರಮದಲ್ಲಿ ಪ್ರವೇಶಿಸಬೇಕು, ಪ್ರವೇಶಿಸಿದ ಮೇಲೆ ಯಾವ ಖರ್ಚು ಒಳಗಿನದು ಯಾವುದು ಹೊರಗಿನದು, ಈ ಪ್ರಶ್ನೆಗಳಿಗೆ ಉತ್ತರ ಬಲ್ಲವನಿಗೆ ಮಾತ್ರ ಐದು ಲಕ್ಷವೆಂಬುದು ಅರ್ಥವುಳ್ಳ ಮಾತಾದೀತು. ಇಡೀ ವ್ಯವಸ್ಥೆಯಲ್ಲಿ ಆ ಅಂಕಿಯಷ್ಟು ಪ್ರಚಾರ ಪಡೆದದ್ದು ಬೇರೊಂದಿಲ್ಲ. ರೋಗಿಯ ಪಾಲಿಗೆ ಅದರಷ್ಟು ಅಲ್ಪಪ್ರಯೋಜಕವಾದದ್ದೂ ಬೇರೊಂದಿಲ್ಲ ಎಂಬುದನ್ನು ಇಲ್ಲಿ ತುಸು ವಿಸ್ತಾರವಾಗಿ ಪರಿಶೀಲಿಸಬಹುದು.

ಹಳೆಯ ಸಂಕಲ್ಪ

ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ಪ್ರಜೆಯೂ ವೈದ್ಯಕೀಯ ನೆರವಿನಿಂದ ವಂಚಿತನಾಗಬಾರದೆಂಬ ತತ್ತ್ವವು ನಮ್ಮಲ್ಲಿ ಇತ್ತೀಚೆಗೆ ಹುಟ್ಟಿದ್ದಲ್ಲ. ಸ್ವಾತಂತ್ರ್ಯಪೂರ್ವದಲ್ಲಿ, 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿಯನ್ನು ಒಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ಈ ತತ್ತ್ವವನ್ನು ತನ್ನ ಶಿಫಾರಸುಗಳ ತಳಹದಿಯನ್ನಾಗಿ ಮಾಡಿಕೊಂಡಿತ್ತು. ರೋಗ ನಿವಾರಣೆಯನ್ನೂ ರೋಗ ಚಿಕಿತ್ಸೆಯನ್ನೂ ಬೇರ್ಪಡಿಸದೆ, ನಲವತ್ತು ಸಾವಿರ ಜನಸಂಖ್ಯೆಗೊಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮೊದಲ ಹಂತದಲ್ಲಿ ಸ್ಥಾಪಿಸಿ, ಅವುಗಳ ಮೇಲೆ ದೊಡ್ಡ ಆಸ್ಪತ್ರೆಗಳ ಸೋಪಾನವನ್ನು ಕಟ್ಟಬೇಕೆಂಬುದು ಆ ಸಮಿತಿಯ ಯೋಚನೆ. ಮೈಸೂರು ಸಂಸ್ಥಾನಕ್ಕೆ ಇಂಥ ವಿಚಾರ ಹೊಸದಾಗಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೇ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಂಡ್ಯದ ಸೀಮೆಯಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದು ತಲೆಯೆತ್ತಿ, ಹಳ್ಳಿಗಳ ಆರೋಗ್ಯವನ್ನು ಹಳ್ಳಿಯ ಸಮೀಪದಲ್ಲಿಯೇ ನೋಡಿಕೊಳ್ಳುವ ಪ್ರಯೋಗಕ್ಕೆ ಮುನ್ನುಡಿ ಬರೆದಿತ್ತು.

ಸಂವಿಧಾನದ 47ನೆಯ ಅನುಚ್ಛೇದವು ಜನರ ಪೌಷ್ಟಿಕತೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಉತ್ತಮಪಡಿಸುವುದು ರಾಜ್ಯದ ಆದ್ಯ ಕರ್ತವ್ಯಗಳಲ್ಲೊಂದೆಂದು ಸಾರಿತು. ಅದು ನಿರ್ದೇಶಕ ತತ್ತ್ವಗಳ ಸಾಲಿನಲ್ಲಿರುವುದರಿಂದ ನ್ಯಾಯಾಲಯದ ಕಟಕಟೆಯಲ್ಲಿ ನೇರವಾಗಿ ಹಕ್ಕೆಂದು ಸಾಧಿಸುವಂತಿರಲಿಲ್ಲ. ಅರ್ಧ ಶತಮಾನ ಕಳೆಯುವುದರೊಳಗಾಗಿ ಪಶ್ಚಿಮ ಬಂಗಾಳದ ಮೊಕದ್ದಮೆಯೊಂದು ಈ ಕೊರತೆಯನ್ನು ಒಂದಿಷ್ಟು ಮಟ್ಟಿಗೆ ತುಂಬಿತು. ರೈಲಿನಿಂದ ಬಿದ್ದು ತಲೆಗೆ ತೀವ್ರವಾಗಿ ಪೆಟ್ಟಾದ ಕೂಲಿಕಾರನೊಬ್ಬನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಾಸಿಗೆಯಿಲ್ಲವೆಂದೋ ಸೌಕರ್ಯವಿಲ್ಲವೆಂದೋ ಹಿಂದಕ್ಕೆ ಕಳುಹಿಸಲಾಗಿ, ಅವನು ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ಖರ್ಚಿನಿಂದ ಬದುಕಿಕೊಂಡನು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ಕೊಡುತ್ತ, ಸಕಾಲಿಕ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆ ಒದಗಿಸದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣದ ಅಭಾವವು ರಾಜ್ಯಕ್ಕೆ ಈ ಹೊಣೆಯಿಂದ ಬಿಡುಗಡೆ ಕೊಡಲಾರದೆಂದೂ ನಿರ್ಣಯಿಸಿತು. ಹೀಗೆ ಸಂಕಲ್ಪಕ್ಕೂ ಶಾಸನಬಲಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಕೊರತೆಯುಳ್ಳದ್ದು ಸಂಕಲ್ಪದಿಂದ ರೋಗಿಯ ಹಾಸಿಗೆಯವರೆಗಿನ ದಾರಿಯಲ್ಲಿ.

ಮೂರು ಪ್ರಯೋಗಗಳು

ಆ ದಾರಿಯನ್ನು ನಿರ್ಮಿಸುವ ಪ್ರಯತ್ನಗಳಲ್ಲಿ ಅತ್ಯಂತ ಹಳೆಯದು ಕಾರ್ಮಿಕರ ರಾಜ್ಯ ವಿಮೆ. ನಮ್ಮ ಜನ ಅದನ್ನು ಇ.ಎಸ್.ಐ. ಎಂದೇ ಬಲ್ಲರು. 1948ರ ಅಧಿನಿಯಮದಿಂದ ಹುಟ್ಟಿ, 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಕಾರ್ಯಾರಂಭ ಮಾಡಿದ ಈ ವ್ಯವಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿಗಳವರೆಗಿನ ಸಂಬಳದ ನೌಕರನು ತನ್ನ ವೇತನದ ಶೇಕಡಾ 0.75ನ್ನೂ ಮಾಲೀಕನು ಶೇಕಡಾ 3.25ನ್ನೂ ಸಲ್ಲಿಸುತ್ತಾರೆ. ಪ್ರತಿಯಾಗಿ ಕಾರ್ಮಿಕನಿಗೂ ಅವನ ಅವಲಂಬಿತರಿಗೂ ನೆಗಡಿ ಜ್ವರಗಳ ಮಾತ್ರೆಯಿಂದ ಹಿಡಿದು ದೊಡ್ಡ ಶಸ್ತ್ರಕ್ರಿಯೆಯವರೆಗೆ ಚಿಕಿತ್ಸೆ ದೊರೆಯುತ್ತದೆ. ಅಷ್ಟು ಮಾತ್ರವಲ್ಲದೆ, ಕಾಯಿಲೆಯಿಂದ ಕೆಲಸಕ್ಕೆ ಹೋಗಲಾರದ ದಿನಗಳಲ್ಲಿ, ವರ್ಷಕ್ಕೆ 91 ದಿನಗಳವರೆಗೆ, ಕೂಲಿಯ ಶೇಕಡಾ 70ರಷ್ಟು ಹಣವೂ ಹೆರಿಗೆಯ ಕಾಲದಲ್ಲಿ 26 ವಾರಗಳ ಪೂರ್ಣ ವೇತನವೂ ಸಲ್ಲುತ್ತವೆ. ಬೆಂಗಳೂರಿನ ಪೀಣ್ಯದ ಯಂತ್ರಶಾಲೆಗಳಲ್ಲಿಯೂ ಸಿದ್ಧ ಉಡುಪಿನ ಗಾರ್ಮೆಂಟ್ಸ್‌ಗಳಲ್ಲಿಯೂ ದುಡಿಯುವ ಲಕ್ಷಾಂತರ ಮಂದಿಗೆ, ವಿಶೇಷತಃ ಹೆಣ್ಣುಮಕ್ಕಳಿಗೆ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಹೆಸರು ಮನೆಮಾತು. ಆದರೆ ಈ ರಕ್ಷಣೆ ಸಂಬಳದ ಚೀಟಿಯುಳ್ಳವರಿಗೆ ಸೀಮಿತವಾದದ್ದು. ಹೊಲದಲ್ಲಿ ಕಳೆ ಕೀಳುವವಳಿಗೂ, ಮೇಸ್ತ್ರಿಯ ಕೈಕೆಳಗೆ ಗಾರೆ ಹೊರುವವನಿಗೂ ಅದರ ನೆರಳು ತಾಕುವುದಿಲ್ಲ.

ಎರಡನೆಯ ಪ್ರಯೋಗ ಕರ್ನಾಟಕದ ಸ್ವಂತ ಸೃಷ್ಟಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಗೆ ರಾಜ್ಯದ ಸಹಕಾರ ಇಲಾಖೆಯ ಬಲವು ಕೂಡಿ, 2003ರ ಜೂನ್‌ನಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯು, ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಗಳಂತೆ ವರ್ಷಕ್ಕೆ 60 ರೂಪಾಯಿ ಸಲ್ಲಿಸಿದರೆ ಅವನ ಶಸ್ತ್ರಚಿಕಿತ್ಸೆಯ ಭಾರವನ್ನು ಎಲ್ಲರೂ ಕೂಡಿ ಹೊರುವ ಏರ್ಪಾಡಾಗಿತ್ತು. ಹಾಲಿನ ಡೈರಿಯೂ ಪ್ರಾಥಮಿಕ ಕೃಷಿ ಪತ್ತಿನ ಸಂಘವೂ ಊರೂರಿನಲ್ಲಿ ಮೊದಲೇ ಬೇರು ಬಿಟ್ಟಿದ್ದ ಕಾರಣ, ವಂತಿಗೆಯನ್ನು ಸಂಗ್ರಹಿಸುವುದಕ್ಕೆ ಹೊಸ ಕಚೇರಿಯ ಅಗತ್ಯ ಬೀಳಲಿಲ್ಲ. ಮೊದಲನೆಯ ವರ್ಷದಲ್ಲಿಯೇ ಹದಿನಾರು ಲಕ್ಷದಷ್ಟು ಜನ ಅದರಲ್ಲಿ ಸೇರಿಕೊಂಡರು. 2018ರಲ್ಲಿ ಈ ಯೋಜನೆಯನ್ನು ಬೇರೊಂದರಲ್ಲಿ ವಿಲೀನಗೊಳಿಸಿದ ಸರ್ಕಾರವು, ರೈತರ ಒತ್ತಾಯದ ಮೇರೆಗೆ 2022ರ ಕೊನೆಯಲ್ಲಿ ಅದಕ್ಕೆ ಮರುಹುಟ್ಟು ಕೊಟ್ಟಿತು. ಈಗ ಗ್ರಾಮೀಣ ಸಹಕಾರ ಸಂಘದ ಸದಸ್ಯನ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ನಗರದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ.

ಮೂರನೆಯದಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಲ್ಲಿ ರೋಗಿಯಿಂದ ವಂತಿಗೆಯನ್ನೇ ಕೇಳಲಿಲ್ಲ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯ, ಮೂತ್ರಪಿಂಡ, ನರಮಂಡಲ, ಅರ್ಬುದ, ಸುಟ್ಟಗಾಯ ಮೊದಲಾದ ಭಾರೀ ರೋಗಗಳ ಚಿಕಿತ್ಸೆಯನ್ನು ಒಂದೂವರೆ ಲಕ್ಷದವರೆಗೆ, ಆವಶ್ಯಕವಾದರೆ ಇನ್ನೂ 50,000ದವರೆಗೆ, ಸರ್ಕಾರವೇ ವಹಿಸಿಕೊಂಡಿತು. ಹಣವನ್ನು ವಿಮಾ ಕಂಪನಿಗೆ ಒಪ್ಪಿಸದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರಿ ನ್ಯಾಸದ ಮೂಲಕವೇ ಆಸ್ಪತ್ರೆಗಳಿಗೆ ಸಂದಾಯ ಮಾಡುವ ಕ್ರಮ ಆಗ ಆರಂಭವಾಗಿ ಇಂದಿಗೂ ಉಳಿದುಕೊಂಡು ಬಂದಿದೆ.

ಈ ಯೋಜನೆ 2010ರಲ್ಲಿ ಮೊದಲು ಗುಲ್ಬರ್ಗಾ ಮತ್ತು ಬೆಳಗಾವಿ ವಿಭಾಗಗಳಿಗೆ ಮಾತ್ರ ಬಂದಿತು; ಬೆಂಗಳೂರು ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ತತ್ಫಲವಾಗಿ, ಯಾರೂ ಉದ್ದೇಶಪೂರ್ವಕವಾಗಿ ಏರ್ಪಡಿಸದಿದ್ದ ಒಂದು ಪರೀಕ್ಷೆ ನೆಲದ ಮೇಲೆ ತಾನಾಗಿ ನಡೆದುಹೋಯಿತು. ಹಾವೇರಿ ಬಳ್ಳಾರಿಗಳಿಗೂ ದಾವಣಗೆರೆ ಚಿತ್ರದುರ್ಗಗಳಿಗೂ ನಡುವೆ ಹಾಯುವ ಆಡಳಿತದ ಗಡಿರೇಖೆಯ ಆಚೆ ಈಚೆಗೆ ಒಂದೇ ಮಳೆ, ಒಂದೇ ಬೆಳೆ, ಒಂದೇ ಬಗೆಯ ಬಡತನ. ಆದರೆ ಉತ್ತರದ ಹಳ್ಳಿಗೆ ಯೋಜನೆಯುಂಟು, ದಕ್ಷಿಣದ ಹಳ್ಳಿಗೆ ಇಲ್ಲ. ಸಂಶೋಧಕ ನೀರಜ್ ಸೂದ್ ಮತ್ತು ಅವರ ಸಹೋದ್ಯೋಗಿಗಳು ಗಡಿಯ ಎರಡು ಮಗ್ಗುಲಿನ 572 ಹಳ್ಳಿಗಳನ್ನು ಸಮೀಕ್ಷಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ರೋಗಗಳಿಂದ ಸಂಭವಿಸಿದ ಮರಣದ ಪ್ರಮಾಣವು ಉತ್ತರದ ಬಡ ಕುಟುಂಬಗಳಲ್ಲಿ ಶೇಕಡಾ 0.32, ದಕ್ಷಿಣದವುಗಳಲ್ಲಿ ಶೇಕಡಾ 0.90. ಬಡತನ ರೇಖೆಯ ಮೇಲಿನ, ಎಂದರೆ ಯೋಜನೆಗೆ ಸೇರದ, ಮನೆಗಳಲ್ಲಿ ಇಂಥ ಅಂತರ ತೋರಲಿಲ್ಲ. ಆಸ್ಪತ್ರೆಗೆ ದಾಖಲಾದವರು ಕೈಯಿಂದ ತೆತ್ತ ಹಣದಲ್ಲಿಯೂ ಶೇಕಡಾ 34ರಷ್ಟು ಇಳಿಕೆ ಕಂಡುಬಂದಿತು.

ಒಂದೇ ಅಧ್ಯಯನವನ್ನು ವೇದವಾಕ್ಯವೆಂದು ಹಿಡಿಯುವುದು ವಿವೇಕವಲ್ಲವಾದರೂ, ಇಷ್ಟು ದೊಡ್ಡ ಅಂತರವನ್ನು ತಳ್ಳಿಹಾಕುವುದೂ ಸಾಧ್ಯವಿಲ್ಲ. ಒಂದೂವರೆ ಲಕ್ಷವೆಂಬ ಮೊತ್ತದಿಂದಷ್ಟೇ ಇದು ಸಾಧಿತವಾಯಿತೇ? ಆ ಯೋಜನೆಯಲ್ಲಿ ಸೇರಿದ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ತಪಾಸಣಾ ಶಿಬಿರಗಳನ್ನು ನಡೆಸಿ, ರೋಗಿಗಳನ್ನು ಗುರುತಿಸಿ, ಬೆಂಗಳೂರಿನಂಥ ದೂರದ ನಗರಕ್ಕೆ ಅವರನ್ನು ಕರೆದೊಯ್ಯುವ ವ್ಯವಸ್ಥೆಯನ್ನೂ ಮಾಡುತ್ತಿದ್ದುದನ್ನು ಇಲ್ಲಿ ಸ್ಮರಿಸಬೇಕು. ಎದೆನೋವನ್ನು ಆಯಾಸವೆಂದು ಬಗೆದು ಸಹಿಸಿಕೊಂಡಿದ್ದ ಮನುಷ್ಯನು ತನಗೆ ಶಸ್ತ್ರಚಿಕಿತ್ಸೆಯ ಅಗತ್ಯವಿದೆಯೆಂಬುದನ್ನು ತಿಳಿದುಕೊಂಡದ್ದು ತನ್ನೂರಿನ ಸಮೀಪದ ಶಾಲೆಯ ಆವರಣದಂಥ ಜಾಗದಲ್ಲಿ. ಹಣವು ಖಜಾನೆಯಲ್ಲಿದ್ದರೂ ಜೀವವನ್ನು ಉಳಿಸಿದ್ದು ದಾರಿ.

ಇಂದಿನ ಏರ್ಪಾಡು

ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಹೆಸರಿನಿಂದ ಹುಟ್ಟಿದ ತನ್ನ ಯೋಜನೆಗಳನ್ನು ಒಂದುಗೂಡಿಸಿ ರಾಜ್ಯ ಸರ್ಕಾರವು 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವನ್ನು ಪ್ರಾರಂಭಿಸಿತು. ಕೇಂದ್ರದ ಆಯುಷ್ಮಾನ್ ಭಾರತ ಯೋಜನೆ ಅದೇ ವರ್ಷದ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಉದ್ಘಾಟನೆಗೊಂಡಿತು. ಅಕ್ಟೋಬರ್ ತಿಂಗಳಲ್ಲಿ ಇವೆರಡೂ ಕರ್ನಾಟಕದಲ್ಲಿ ಒಂದಾದವು. ಈಗ ಪ್ರಧಾನಮಂತ್ರಿ, ಮುಖ್ಯಮಂತ್ರಿ ಎರಡೂ ಪದವಿಗಳನ್ನು ಹೊತ್ತ ಉದ್ದನೆಯ ಹೆಸರೊಂದು ಕಾರ್ಡಿನ ಮೇಲೆ ಅಚ್ಚಾಗುತ್ತಿದ್ದರೂ, ಜನರ ಬಾಯಲ್ಲಿ ಅದು ‘ಆಯುಷ್ಮಾನ್ ಕಾರ್ಡು’ ಮಾತ್ರ.

ಅರ್ಹತೆಯ ವಿಷಯ ಹೀಗಿದೆ. ಬಿ.ಪಿ.ಎಲ್. ಅಥವಾ ಅಂತ್ಯೋದಯ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ, ಸದಸ್ಯರು ಎಷ್ಟೇ ಮಂದಿಯಿರಲಿ, ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಒಳರೋಗಿ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೂ ಯೋಜನೆ ಪೂರ್ಣವಾಗಿ ಬಾಗಿಲು ಮುಚ್ಚಿಲ್ಲ. ನಿಗದಿಯಾದ ಪ್ಯಾಕೇಜು ದರದ ಶೇಕಡಾ 30ನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಗೊಳಪಟ್ಟು, ಸರ್ಕಾರ ಭರಿಸುತ್ತದೆ, ಉಳಿದ ಶೇಕಡಾ 70 ರೋಗಿಯದು. ಕೇಂದ್ರದ ಪಟ್ಟಿಗೆ ಸೇರಿದ ಕರ್ನಾಟಕದ ಸುಮಾರು 62 ಲಕ್ಷ ಕುಟುಂಬಗಳ ವೆಚ್ಚದಲ್ಲಿ ಕೇಂದ್ರ 60, ರಾಜ್ಯ 40ರ ಅನುಪಾತದಲ್ಲಿ ಪಾಲುದಾರರು. ಪಟ್ಟಿಯ ಹೊರಗಿನವರ ಭಾರವೆಲ್ಲ ರಾಜ್ಯದ್ದೇ.

ಚಿಕಿತ್ಸೆಗಳ ಸಂಖ್ಯೆ ಸುಮಾರು 1,650. ಅವುಗಳನ್ನು ರೋಗದ ಹೆಸರಿನಿಂದ ನೆನಪಿಡುವುದು ಯಾರಿಂದಲೂ ಆಗದ ಕೆಲಸ. ಪ್ರವೇಶದ ರೀತಿಯಿಂದ ನೆನಪಿಡುವುದಾದರೆ ಬಹು ಸುಲಭ. ಸಾಮಾನ್ಯ ಸ್ವರೂಪದ ದ್ವಿತೀಯ ಹಂತದ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೇ ಪಡೆಯತಕ್ಕದ್ದು. ಅವಕ್ಕಿಂತ ಜಟಿಲವಾದವುಗಳನ್ನೂ, ಹೃದಯ ಮೂತ್ರಪಿಂಡ ಮೊದಲಾದ ತೃತೀಯ ಹಂತದವನ್ನೂ, ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ತಜ್ಞರೋ ಯಂತ್ರವೋ ಹಾಸಿಗೆಯೋ ಇಲ್ಲವಾದ ಪಕ್ಷದಲ್ಲಿ ಅಲ್ಲಿಯ ವೈದ್ಯರು ಕೊಟ್ಟ ರೆಫರಲ್ ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗತಕ್ಕದ್ದು. ತುರ್ತು ಚಿಕಿತ್ಸೆಗಳೆಂದು ಪಟ್ಟಿಯಲ್ಲಿ ಹೆಸರಿಸಿರುವಂಥವಕ್ಕೆ ಮಾತ್ರ ಈ ಪತ್ರ ಬೇಕಿಲ್ಲ; ನೋಂದಾಯಿತ ಆಸ್ಪತ್ರೆ ಯಾವುದಾದರೂ ಸರಿ, ನೇರವಾಗಿ ದಾಖಲಾಗಬಹುದು.

ರೆಫರಲ್ ಪತ್ರದೊಂದಿಗೆ ಹೋದವರು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬೇಕಾದದ್ದು ಆರೋಗ್ಯಮಿತ್ರರನ್ನು. ಕಾರ್ಡನ್ನು ಪರಿಶೀಲಿಸಿ, ದಾಖಲೆಗಳನ್ನು ಗಣಕದಲ್ಲಿ ಏರಿಸಿ, ಟ್ರಸ್ಟಿನ ಪೂರ್ವಾನುಮತಿಯನ್ನು ಬರಮಾಡಿಕೊಳ್ಳುವುದಕ್ಕೆ ನೆರವಾಗುವವರು ಅವರೇ. ಅನುಮತಿ ಬಂದ ಮೇಲೆ ಪ್ಯಾಕೇಜಿನೊಳಗೆ ಶಸ್ತ್ರಕ್ರಿಯೆ, ಹಾಸಿಗೆ, ಔಷಧಿ, ಪರೀಕ್ಷೆ, ಊಟ ಎಲ್ಲವೂ ಅಡಕವಾದವು, ಬಿ.ಪಿ.ಎಲ್. ರೋಗಿಯಿಂದ ಅವುಗಳ ಬಾಬ್ತು ಹಣ ಕೇಳುವ ಅಧಿಕಾರ ಆಸ್ಪತ್ರೆಗಿಲ್ಲ. ಕೇಳಿದರೆ ರಸೀದಿಯನ್ನು ಪಡೆದು ಇಟ್ಟುಕೊಂಡು, 104ರ ಆರೋಗ್ಯ ಸಹಾಯವಾಣಿಗೋ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೋ ದೂರು ಸಲ್ಲಿಸಬಹುದು. ಆಪರೇಷನ್ನಿನ ಹಿಂದಿನ ರಾತ್ರಿ ‘ಇದೊಂದು ಸಾಮಗ್ರಿ ಪ್ಯಾಕೇಜಿನಲ್ಲಿಲ್ಲ, ಹೊರಗಿನಿಂದ ತರಬೇಕು’ ಎಂಬ ಮಾತನ್ನು ಕೇಳಿದ ಮನೆಯವರು ದೂರು ಕೊಡುವ ಧೈರ್ಯವನ್ನು ಎಲ್ಲಿಂದ ತಂದಾರು ಎಂಬುದು ಬೇರೆ ಪ್ರಶ್ನೆ. ಪ್ಯಾಕೇಜಿನ ದರ ತೀರ ಕಡಿಮೆಯೆಂದೂ, ಆ ಹಣವೂ ಸಕಾಲಕ್ಕೆ ಬಾರದೆಂದೂ ಖಾಸಗಿ ಆಸ್ಪತ್ರೆಗಳು ಗೊಣಗುವುದುಂಟು; ಆ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೂ ಅದನ್ನು ತೀರ್ಮಾನಿಸಿಕೊಳ್ಳಬೇಕಾದ್ದು ಸರ್ಕಾರದೊಡನೆ, ರೋಗಿಯ ಮಂಚದ ಬಳಿ ಅಲ್ಲ.

ಚೀಟಿಯ ಭಾರ

ಈ ಎಲ್ಲವೂ ಒಂದು ಪಡಿತರ ಚೀಟಿಯ ಮೇಲೆ ನಿಂತಿರುವುದರಿಂದ ಆ ಚೀಟಿಯು ಹೊರಲಾರದ ಭಾರವನ್ನು ಹೊತ್ತಿದೆ. ಕರ್ನಾಟಕದಲ್ಲಿ ಬಿ.ಪಿ.ಎಲ್. ಚೀಟಿಗೆ ಕುಟುಂಬದ ವಾರ್ಷಿಕ ವರಮಾನ 1 ಲಕ್ಷ 20 ಸಾವಿರವನ್ನು ಮೀರಕೂಡದು. ದಿನಕ್ಕೆ ಐನೂರರಂತೆ ವರ್ಷದಲ್ಲಿ ಇನ್ನೂರೈವತ್ತು ದಿನ ಕೂಲಿ ಮಾಡಿದವನು ಲೆಕ್ಕಾಚಾರದ ಪ್ರಕಾರ ಈ ಮಿತಿಯನ್ನು ದಾಟಿ ಹೋಗುತ್ತಾನೆ. ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಯ ಮಾತಂತೂ ಹೇಳಬೇಕಾದ್ದಿಲ್ಲ. ಮಿತಿಯ ಈಚೆಗಿದ್ದವನಿಗೆ ಐದು ಲಕ್ಷ. ಒಂದು ಸಾವಿರ ರೂಪಾಯಿ ಆಚೆಗಿದ್ದವನಿಗೆ ಪ್ಯಾಕೇಜಿನ ಮೂರನೆಯ ಒಂದಕ್ಕಿಂತಲೂ ಕಡಿಮೆ. ರೋಗವು ಈ ಗೆರೆಯನ್ನು ನೋಡಿ ಬರುವುದಿಲ್ಲವಾದ್ದರಿಂದ, ಅಕ್ಕಿಯ ಅಗತ್ಯವೇ ಇಲ್ಲದ ಕುಟುಂಬಗಳೂ ಆಸ್ಪತ್ರೆಯ ಭಯದಿಂದ ಬಿ.ಪಿ.ಎಲ್. ಚೀಟಿಯನ್ನು ಬಿಡಲೊಲ್ಲದೆ ಹಿಡಿದುಕೊಂಡಿವೆ.

2024ರ ನವೆಂಬರಿನಲ್ಲಿ ಅನರ್ಹವೆಂದು ಬಗೆದ ಚೀಟಿಗಳನ್ನು ಇಲಾಖೆ ರದ್ದುಪಡಿಸಲು ತೊಡಗಿದಾಗ ರಾಜ್ಯದಾದ್ಯಂತ ಎದ್ದ ಕೋಲಾಹಲಕ್ಕೆ ಅಕ್ಕಿಯೊಂದೇ ಕಾರಣವಾಗಿತ್ತೆಂದು ತಿಳಿಯಲಾಗದು. ಆದಾಯ ತೆರಿಗೆದಾರರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸುವುದಾಗಿ ಸರ್ಕಾರವು ಕೂಡಲೇ ಹೇಳಬೇಕಾಯಿತು. ಆಹಾರದ ಇಲಾಖೆಯು ತನ್ನ ದೃಷ್ಟಿಯಿಂದ ಮಾಡುವ ಪರಿಷ್ಕರಣೆಯು ಆರೋಗ್ಯದ ಇಲಾಖೆಯಲ್ಲಿ ಒಬ್ಬನ ಡಯಾಲಿಸಿಸ್‌ಗೆ ತಡೆಯಾಗಬಲ್ಲುದೆಂದರೆ, ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಕಾಗದದಿಂದ ಉತ್ತರ ಹುಡುಕುವ ಪದ್ಧತಿಯಲ್ಲಿಯೇ ದೋಷವಿರುವುದು ಸ್ಪಷ್ಟ.

ಗುಳೆ ಹೋದವರ ಪಾಡು ಇನ್ನೊಂದು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದವರ ಚೀಟಿ ಎಷ್ಟೋ ವೇಳೆ ಊರಿನಲ್ಲಿ ವಯಸ್ಸಾದ ತಾಯಿತಂದೆಗಳ ಬಳಿಯಿರುತ್ತದೆ. ಹೆಂಡತಿಯ ಹೆಸರು ತವರಿನ ಚೀಟಿಯಿಂದ ಗಂಡನ ಮನೆಯದಕ್ಕೆ ಇನ್ನೂ ಬಂದಿರುವುದಿಲ್ಲ. ಮಗುವಿನ ಹೆಸರು ಯಾವುದರಲ್ಲಿಯೂ ಇರುವುದಿಲ್ಲ. ಆಧಾರಿನ ಅಕ್ಷರಕ್ಕೂ ಚೀಟಿಯ ಅಕ್ಷರಕ್ಕೂ ಹೊಂದಿಕೆ ತಪ್ಪಿದರೆ ಕೆಲಸ ಮತ್ತೆ ನಿಲ್ಲುತ್ತದೆ. ಇವೆಲ್ಲ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಸರಿಪಡಿಸಿಕೊಳ್ಳಬಹುದಾದ ತೊಡಕುಗಳು. ರೋಗಿಯನ್ನು ಆಂಬುಲೆನ್ಸಿನಲ್ಲಿ ಮಲಗಿಸಿದ ಮೇಲೆ ಇವೇ ಬೆಟ್ಟವಾಗಿ ನಿಲ್ಲುತ್ತವೆ.

ಹೊರಗುಳಿದ ಖರ್ಚು

ದಾಖಲೆಗಳೆಲ್ಲ ಸರಿಯಾಗಿದ್ದು, ದಾರಿಯೂ ತಿಳಿದಿದ್ದು, ಆಪರೇಷನ್ ಉಚಿತವಾಗಿಯೇ ನೆರವೇರಿತೆಂದು ಭಾವಿಸೋಣ. ಆಗಲೂ ಬಡವನು ಸಾಲದಿಂದ ಪಾರಾದನೆಂದು ಹೇಳುವಂತಿಲ್ಲ. ಆಯುಷ್ಮಾನ್ ಭಾರತವು ದಾಖಲಾತಿಗೆ ಮುಂಚಿನ 3 ದಿನಗಳನ್ನೂ ಬಿಡುಗಡೆಯ ಅನಂತರದ 15 ದಿನಗಳ ಔಷಧವನ್ನೂ ಒಳಗೊಳ್ಳುತ್ತದೆ. ಹದಿನಾರನೆಯ ದಿನದಿಂದ ಜೀವಮಾನದುದ್ದಕ್ಕೂ ನುಂಗಬೇಕಾದ ಮಾತ್ರೆಗೆ ಅದರಲ್ಲಿ ಎಡೆಯಿಲ್ಲ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಮೂರ್ಛೆ, ಉಬ್ಬಸ, ಮನೋವ್ಯಾಧಿ ಇವು ಯಾರನ್ನೂ ಬಹುದಿನ ಮಂಚದಲ್ಲಿ ಮಲಗಿಸದೆಯೇ ಪ್ರತಿ ತಿಂಗಳೂ ಔಷಧದಂಗಡಿಗೆ ಕರೆದೊಯ್ಯುವ ರೋಗಗಳು. ಒಳರೋಗಿಯನ್ನು ಕಾಯಲೆಂದು ಕಟ್ಟಿದ ಯೋಜನೆಗೆ ಈ ಹೊರರೋಗಿ ಕಣ್ಣಿಗೇ ಬೀಳುವುದಿಲ್ಲ.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ರಲ್ಲಿ ಶೇಕಡಾ 39.4ಕ್ಕೆ ಇಳಿದಿದೆ. ಇಳಿಕೆಯು ಸಂತೋಷದ ವಿಷಯವಾದರೂ, ಪ್ರತಿ ನೂರು ರೂಪಾಯಿಗಳಲ್ಲಿ ಸುಮಾರು ನಲವತ್ತು ಇಂದಿಗೂ ಜನರ ಸೆರಗಿನ ಗಂಟಿನಿಂದಲೇ ಬರುತ್ತಿವೆ. ಆಸ್ಪತ್ರೆಗೆ ಸೇರಿದವರ ವೆಚ್ಚವನ್ನು 2017-18ರಲ್ಲಿ ಅಳೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯು, ಹೆರಿಗೆಯನ್ನು ಬಿಟ್ಟು, ಒಂದು ದಾಖಲಾತಿಗೆ ಸರಾಸರಿ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿಯೂ ಖಾಸಗಿಯಲ್ಲಿ 31,845 ರೂಪಾಯಿಯೂ ತಗಲುವುದನ್ನು ಕಂಡುಕೊಂಡಿತು. ಉಚಿತವೆಂದು ಹೆಸರಾದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಕೂಲಿಕಾರನ ಹಲವು ದಿನಗಳ ಗಳಿಕೆಯಷ್ಟು ಕರಗಿ ಹೋಗುತ್ತದೆಯೆಂಬುದೂ, ಆದರೂ ಅದು ಖಾಸಗಿಯ ಏಳನೆಯ ಒಂದು ಭಾಗ ಮಾತ್ರವೆಂಬುದೂ, ಎರಡೂ ನೆನಪಿನಲ್ಲಿಡತಕ್ಕ ಸಂಗತಿಗಳು.

ಇವುಗಳ ಮೇಲೆ ಯಾವ ಲೆಕ್ಕದಲ್ಲಿಯೂ ಸರಿಯಾಗಿ ಬಾರದ ನಷ್ಟವೊಂದುಂಟು: ರೋಗಿಯ ಕೂಲಿ ನಿಂತಿತು, ಅವನೊಡನೆ ಆಸ್ಪತ್ರೆಯಲ್ಲಿ ಉಳಿದ ಹೆಂಡತಿಯ ಕೂಲಿಯೂ ನಿಂತಿತು, ಮನೆಯಲ್ಲಿ ದನಕರುಗಳನ್ನೂ ಮಕ್ಕಳನ್ನೂ ನೋಡಿಕೊಳ್ಳುವವರಿಲ್ಲದೆ ಹಿರಿಯ ಮಗಳ ಶಾಲೆಯೂ ನಿಂತಿತು. ಮೇಲೆ ಹೇಳಿದ ಯೋಜನೆಗಳಲ್ಲಿ ಕಾಯಿಲೆಯ ದಿನಗಳ ಕೂಲಿಯನ್ನು ತುಂಬಿಕೊಡುವುದು ಇ.ಎಸ್.ಐ. ಒಂದೇ. ಏಳು ದಶಕಗಳಷ್ಟು ಹಿಂದೆಯೇ ಕಾರ್ಖಾನೆಯ ಕಾರ್ಮಿಕನ ವಿಷಯದಲ್ಲಿ ನಮ್ಮ ಶಾಸನಕಾರರು ಕಂಡುಕೊಂಡ ಈ ಸತ್ಯವನ್ನು ಅನಂತರದ ಯೋಜನಾಕಾರರು ಹೊಲದ ಕಾರ್ಮಿಕಳ ವಿಷಯದಲ್ಲಿ ಮರೆತದ್ದು ಆಶ್ಚರ್ಯ.

ಮೊದಲ ಬಾಗಿಲು

ಹಾಗಾದರೆ ಬಡವನ ನಿಜವಾದ ರಕ್ಷಣೆ ಎಲ್ಲಿದೆ? ಸರ್ಕಾರವೇ ಹಾಕಿದ ನಿಯಮದ ತರ್ಕವನ್ನು ಕೊನೆಯವರೆಗೂ ಅನುಸರಿಸಿದರೆ ಉತ್ತರ ದೊರೆಯುತ್ತದೆ. ತುರ್ತು ಸಂದರ್ಭವನ್ನು ಬಿಟ್ಟರೆ ಯೋಜನೆಯ ಹೆಬ್ಬಾಗಿಲು ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಮುಂದಕ್ಕೆ ಹೋಗುವ ಪತ್ರವೂ ಅಲ್ಲಿಯ ವೈದ್ಯರ ಸಹಿಯಿಂದಲೇ ಹುಟ್ಟಬೇಕು. ಈ ನಿಯಮವನ್ನು ಕಿರುಕುಳವೆಂದು ದೂರುವವರಿದ್ದಾರೆ. ವಿಚಾರ ಮಾಡಿದರೆ ಇದರಲ್ಲಿ ಭೋರ್ ಸಮಿತಿಯ ಸೋಪಾನಕಲ್ಪನೆಯ ಜಾಡು ಕಾಣುತ್ತದೆ. ತಾಲೂಕಿನಲ್ಲಿಯೇ ಗುಣವಾಗುವ ರೋಗಕ್ಕೆ ನಗರದ ಆಸ್ಪತ್ರೆಯು ಸಾರ್ವಜನಿಕ ಹಣವನ್ನು ಪಡೆಯುವುದನ್ನೂ, ಅನವಶ್ಯಕವಾದ ಶಸ್ತ್ರಕ್ರಿಯೆಗಳನ್ನೂ ಅದು ತಡೆಯಬಲ್ಲುದು. ಆದರೆ ಒಂದು ಷರತ್ತಿನ ಮೇಲೆ: ಬಾಗಿಲಲ್ಲಿ ಜನ ಇರಬೇಕು. ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿರುವ, ಸ್ಕ್ಯಾನಿಂಗ್ ಯಂತ್ರಕ್ಕೆ ಬೀಗ ಬಿದ್ದಿರುವ ತಾಲೂಕು ಆಸ್ಪತ್ರೆಯು ಚಿಕಿತ್ಸೆಯನ್ನು ಕೊಡದೆ ಪತ್ರವನ್ನು ಮಾತ್ರ ಕೊಡುವ ಕಚೇರಿಯಾಗಿಬಿಡುತ್ತದೆ. ಅಲ್ಲಿ ಕಳೆದ ಒಂದು ದಿನ ರೋಗಿಯ ಪಾಲಿಗೆ ಬರಿಯ ನಷ್ಟ.

ಬಾಗಿಲು ಗಟ್ಟಿಯಾದಾಗ ಏನಾಗುತ್ತದೆಂಬುದಕ್ಕೂ ನಿದರ್ಶನ ಕರ್ನಾಟಕದಲ್ಲಿಯೇ ಇದೆ. ಹೃದಯಾಘಾತಕ್ಕೊಳಗಾದವರಿಗಾಗಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವಿನಿಂದ ಬಂದವನ ಇ.ಸಿ.ಜಿ.ಯನ್ನು ತಾಲೂಕು ಆಸ್ಪತ್ರೆಯಲ್ಲಿ ತೆಗೆದು, ಬೆಂಗಳೂರಿನ ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರಿಗೆ ಒಡನೆಯೇ ರವಾನಿಸಿ, ಅವರ ಸಲಹೆಯ ಮೇರೆಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಇದಕ್ಕೆ ಐದು ಲಕ್ಷ ಬೇಕಾಗುವುದಿಲ್ಲ. ಬೇಕಾಗುವುದು ಆ ಹೊತ್ತಿನಲ್ಲಿ ಕೆಲಸ ಮಾಡುವ ಯಂತ್ರ, ಕಪಾಟಿನಲ್ಲಿರುವ ಮದ್ದು, ಕುರ್ಚಿಯಲ್ಲಿರುವ ವೈದ್ಯರು. ತಾಲೂಕು ಆಸ್ಪತ್ರೆಗಳ ಉಚಿತ ಡಯಾಲಿಸಿಸ್ ಘಟಕಗಳೂ ಇದೇ ಪಾಠವನ್ನು ಹೇಳುತ್ತವೆ: ವಾರಕ್ಕೆರಡು ಮೂರು ಬಾರಿ ಹೋಗಬೇಕಾದ ರೋಗಿಗೆ ಯಂತ್ರವು ಊರ ಸಮೀಪದಲ್ಲಿರುವುದೇ ದೊಡ್ಡ ವಿಮೆ.

2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಗಳ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವ ಗುರಿಯನ್ನಿಟ್ಟುಕೊಂಡಿತ್ತು. 2021-22ರಲ್ಲಿ, ಮಹಾಮಾರಿಯ ಖರ್ಚನ್ನು ಕೂಡಿಕೊಂಡೂ, ಅದು ಶೇಕಡಾ 1.84ರಲ್ಲಿತ್ತು. ಈ ಕೊರತೆ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ, ಹಾಜರಾತಿಯಿಲ್ಲದ ತಾಲೂಕು ಆಸ್ಪತ್ರೆಗಿಂತ ಹೊಳೆಯುವ ಕಾರ್ಡು ಭಾವಚಿತ್ರಕ್ಕೆ ಚೆನ್ನಾಗಿ ಒದಗುವುದು. ಕಾರ್ಡು ವಿತರಣೆಗೆ ಒಂದು ದಿನದ ಸಮಾರಂಭ ಸಾಕು. ಅರಿವಳಿಕೆ ತಜ್ಞರೊಬ್ಬರನ್ನು ಹಿಂದುಳಿದ ತಾಲೂಕಿನಲ್ಲಿ ಉಳಿಸಿಕೊಳ್ಳುವುದಕ್ಕೆ ವರ್ಷಗಳ ಮೌನ ಶ್ರಮ ಬೇಕು.

ಆದಕಾರಣ, ಯೋಜನೆಯನ್ನು ತಿಳಿದುಕೊಳ್ಳುವುದೆಂದರೆ ಅದರ ಸೌಲಭ್ಯಗಳನ್ನು ಕಂಠಪಾಠ ಮಾಡುವುದರಲ್ಲಿಗೆ ಮುಗಿಯದು. ಪ್ರತಿ ಸರ್ಕಾರಿ ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿಯುಂಟು. ಪ್ರತಿ ಗ್ರಾಮಕ್ಕೊಂದು ಆರೋಗ್ಯ ನೈರ್ಮಲ್ಯ ಸಮಿತಿಯುಂಟು. ಗ್ರಾಮಸಭೆಯಲ್ಲಿ ಮಾತನಾಡುವ ಅಧಿಕಾರ ಪ್ರತಿ ಮತದಾರನಿಗೂ ಉಂಟು. ಅಲ್ಲಿ ನಮ್ಮೂರಿನಲ್ಲಿ ಎಷ್ಟು ಕಾರ್ಡು ಹಂಚಿದಿರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಕೇಳಬೇಕಾದವು ಬೇರೆ: ಕಳೆದ ತಿಂಗಳು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆಗಳು ಎಷ್ಟು ದಿನ ಇರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಯಾವ ತಜ್ಞರ ಹುದ್ದೆ ಎಷ್ಟು ತಿಂಗಳಿನಿಂದ ಖಾಲಿ. ರೆಫರಲ್ ಪತ್ರ ಪಡೆದು ಹೋದವರಲ್ಲಿ ಎಷ್ಟು ಮಂದಿಗೆ ಅಲ್ಲಿಯೇ ಚಿಕಿತ್ಸೆ ಸಾಧ್ಯವಿತ್ತು. ಈ ಮೂರು ಅಂಕಿಗಳನ್ನು ಪ್ರತಿ ತ್ರೈಮಾಸಿಕದಲ್ಲಿಯೂ ಆಸ್ಪತ್ರೆಯ ಗೋಡೆಯ ಮೇಲೆ ಬರೆಸುವುದಕ್ಕೆ ಹೊಸ ಶಾಸನವೂ ಬೇಡ, ಹೊಸ ಅನುದಾನವೂ ಬೇಡ. ಅವು ಬರೆಯಲ್ಪಟ್ಟ ದಿನ ಐದು ಲಕ್ಷದ ಅಂಕಿಗೂ ಪ್ರಥಮ ಬಾರಿಗೆ ಒಂದು ಅರ್ಥ ಬಂದೀತು.